ಗೇಟಿನ ಕಡೆ ನೋಡಿ ಅಳುವ ಮಕ್ಕಳು

ನಮ್ಮ ಮೇಷ್ಟ್ರಮ್ಮನ ಸೀರೆ ಮೊಣಕಾಲಿನ ಹತ್ತಿರ ಯಾವಾಗಲೂ ಮಣ್ಣಾಗಿರುತ್ತಿತ್ತು. ಮದ್ದೂರಿನ ತಮ್ಮ ಮನೆಯ ಅಂಗಳದಲ್ಲೇ ಅವರು ಶಿಶುವಿಹಾರ ನಡೆಸುತ್ತಿದ್ದರು. ಯಾರಾದರೂ ಮಗುವನ್ನು ಸೇರಿಸಲು ಬಂದರೆ ವಯಸ್ಸು ಕೇಳುತ್ತಿರಲಿಲ್ಲ. ಕರೆತಂದವರನ್ನು ಗೇಟಿನ ಆಚೆ ನಿಲ್ಲಿಸಿ, ಮಗುವಿನ ಮುಂದೆ ಮಣ್ಣಲ್ಲೇ ಮೊಣಕಾಲೂರಿ ಅದರ ಕಣ್ಣನ್ನೇ ನೋಡುತ್ತಿದ್ದರು.

"ಅಳೋ ಮಕ್ಳನ್ನ ನಾನು ಬ್ಯಾಡ ಅನ್ನಲ್ಲ ಕಣವ್ವ. ಎತ್ಲಾಗ್ ನೋಡ್ಕೊಂಡ್ ಅಳ್ತದೆ ಅನ್ನೋದು ಮುಖ್ಯ. ಬೇರೆ ಮಕ್ಳ ಕಡೆ ನೋಡ್ಕೊಂಡ್ ಅತ್ರೆ ಸೇರಿಸ್ಕೊತೀನಿ. ಗೇಟ್ ಕಡೆ ನೋಡ್ಕೊಂಡ್ ಅತ್ರೆ ಇನ್ನೂ ಮಾಗಿಲ್ಲ, ಕರ್ಕೊಂಡೋಗು."

ಈ ಮಾತು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬ್ರಿಟಿಷರ ಕಾಲದಲ್ಲೇ ಬಾವುಟ ಏರಿಸಿದ ಮಾರನೇ ವರ್ಷ ನನಗೆ ಎಂಟು. ಎರಡನೇ ಕ್ಲಾಸು ಪಾಸಾಗಿದ್ದೆ. ಅಪ್ಪ ಸ್ಟೇಷನ್ನಿನ ಹತ್ತಿರ ಜಟಕಾ ಹೊಡೆಯುತ್ತಿದ್ದ, ಅವ್ವ ಗದ್ದೆ ಕೆಲಸಕ್ಕೆ ಹೋಗುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೆ ತಮ್ಮ ಕೆಂಪನನ್ನು ನೋಡಿಕೊಳ್ಳಲು ನನ್ನನ್ನು ಸ್ಕೂಲು ಬಿಡಿಸಿದರು. "ಅವುನ್ನ ಸಿಸುವಿಹಾರಕ್ಕೆ ಸೇರಿಸ್ಕಂಡ್ರೆ ನೀನು ಇಸ್ಕೂಲ್ಗೋಗು," ಎಂದಿದ್ದಳು ಅವ್ವ.

ಮೊದಲ ಸಲ ನಾನು ಕರೆದೊಯ್ದಾಗ ಕೆಂಪ ಗೇಟಿನ ಕಡೆ ತಿರುಗಿ, ಬೀದಿಯ ಜನವೆಲ್ಲ ಸೇರುವಂತೆ ಕಿರುಚಿದ. ಮೇಷ್ಟ್ರಮ್ಮ ಅವನ ಮೂಗನ್ನು ತಮ್ಮ ಸೆರಗಿನಿಂದಲೇ ಒರೆಸಿ, ಚೂರು ಬೆಲ್ಲ ಕೊಟ್ಟರು. "ನೀನ್ಯಾವ ಕ್ಲಾಸವ್ವ?" ಎಂದು ನನ್ನನ್ನು ಕೇಳಿದರು.

"ಎರಡನೇ ಕ್ಲಾಸು ಪಾಸು."

"ಜಾಣೆ. ಮೂರು ತಿಂಗ್ಳು ಬಿಟ್ಟು ಕರ್ಕೊಂಡ್ಬಾ."

ಆ ಮೂರು ತಿಂಗಳು ನಾನು ಕೆಂಪನಿಗೆ ಗದರಿ, ಮುದ್ದಾಡಿ, ಕಡ್ಲೆಪುರಿ ಕೊಟ್ಟು, ಹಿಂದಕ್ಕೆ ತಿರುಗಬಾರದೆಂದು ಕಲಿಸಿದೆ. ಎರಡನೇ ಸಲ ಅವನು ಅಳಲೇ ಇಲ್ಲ. ಮುಷ್ಟಿ ಬಿಗಿಹಿಡಿದು ಅದನ್ನೇ ನೋಡುತ್ತ ನಿಂತ. ಮೇಷ್ಟ್ರಮ್ಮ ಮುಷ್ಟಿ ಬಿಡಿಸಿ, ಅದರೊಳಗಿದ್ದ ಒಂದೆರಡು ಪುರಿ ತಮ್ಮ ಬಾಯಿಗೂ ಹಾಕಿಕೊಂಡು ನಕ್ಕರು. "ಹೊಗೆ ಹಾಕಿ ಮಾಗ್ಸಕ್ಕೆ ಇವನೇನ್ ಬಾಳೆಗೊನೆಯಾ? ಇನ್ನೊಂದು ವರ್ಷ ಹೋಗ್ಲಿ."

"ಒಂದ್ ಮಗಾನೂ ಎತ್ತಿಲ್ಲ ಒತ್ತಿಲ್ಲ, ಅವಮ್ಮಂಗೇನ್ ಗೊತ್ತು ಬುಡು," ಎಂದಳು ಅವ್ವ. ನನಗೂ ಹಾಗೇ ಅನ್ನಿಸಿತ್ತು.

ಆದರೆ ಮೇಷ್ಟ್ರಮ್ಮ ಹೇಳಿದ್ದೇ ಸರಿಯಾಗಿತ್ತು, ಅದೇ ನನ್ನ ಸಂಕಟ. ಮೂರನೇ ಸಲ ಕೆಂಪ ನನ್ನ ಕೈ ಕೊಸರಿಕೊಂಡು ಮರಳಿನ ಗುಡ್ಡೆಗೆ ಓಡಿದವನು ತಿರುಗಿಯೂ ನೋಡಲಿಲ್ಲ. ನಾನು ಮನೆಗೆ ಓಡಿ ಸ್ಲೇಟು ತೊಳೆದಿಟ್ಟೆ. ಅದೇ ವಾರ ಅವ್ವ ತಂಗಿಯನ್ನು ಹೆತ್ತಳು. ಬಾಣಂತನ ಮುಗಿದು ಅವ್ವ ಗದ್ದೆಗೆ ಹೊರಟಾಗ ತಂಗಿ ನನ್ನ ಸೊಂಟಕ್ಕೆ ಬಂದಳು.

ಮೂರು ವರ್ಷ ಕಳೆದು ಅವಳನ್ನೂ ಅದೇ ಗೇಟಿಗೆ ಕರೆದೊಯ್ದೆ. ಮಾರನೇ ತಿಂಗಳು ನನ್ನ ಲಗ್ನ. ಮೇಷ್ಟ್ರಮ್ಮನನ್ನು ನಾನು ನೋಡಿದ್ದು ಅದೇ ಕೊನೆ. ಮಣ್ಣಲ್ಲಿ ಮೊಣಕಾಲೂರುತ್ತ, ಮಗುವಿನಿಂದ ಕಣ್ಣು ತೆಗೆಯದೆ ಕೇಳಿದರು: "ಈಗ್ಯಾವ ಕ್ಲಾಸವ್ವ ನೀನು?"

"ಎರಡನೇ ಕ್ಲಾಸು ಪಾಸು."

"ಆವತ್ತೂ ಅದ್ನೇ ಹೇಳಿದ್ದೆ."

"ಹೂಂ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಇಷ್ಟು ಮಕ್ಳು ಗೇಟ್ ಕಡೆ ನೋಡ್ಕೊಂಡ್ ಅತ್ವು. ಅಲ್ಲಿ ನಿಂತಿರೋರು ಯಾರು ಅಂತ ನಾನು ತಿರುಗಿ ನೋಡ್ಲಿಲ್ಲ ಕಣವ್ವ," ಎಂದರು.

ತಂಗಿಯನ್ನು ಆವತ್ತೇ ಸೇರಿಸಿಕೊಂಡರು. ಅವಳು ನನ್ನ ಕಡೆ ನೋಡಿಕೊಂಡೇ ಅಳುತ್ತಿದ್ದಳು. ನಾನು ಗೇಟು ಹಿಡಿದು, ಒಳಗಿನ ಮಕ್ಕಳ ಕಡೆ ನೋಡಿಕೊಂಡು ಅತ್ತೆ.