ಹೂವಿನ ಬುಡದ ಕಪ್ಪು ತುದಿ

ಹೂವೊಂದನ್ನು ಮೇಲಿನಿಂದ ನೋಡಿ ಹೆಸರು ಹೇಳಿದರೆ ನಮ್ಮ ದೊಡ್ಡಮ್ಮನ ಹತ್ತಿರ ಬೈಗುಳ ಖಂಡಿತ. ಮುಖ ನೋಡಿ ಮರುಳಾಗಬೇಡಿ, ತಿರುಗಿಸಿ ಬುಡ ನೋಡಿ ಎಂದು ತನ್ನ ಮಗಳಿಗೂ ನನಗೂ ಚಿಕ್ಕಂದಿನಿಂದ ಹೇಳಿ ಹೇಳಿ ತಲೆ ತಿಂದವಳು. ಬೆಟ್ಟದಲ್ಲಿ ಅರಳುವ ಸೇವಂತಿಗೆ ಜಾತಿಯ ಹಳದಿ ಹೂಗಳೆಲ್ಲ ಮೇಲೆ ಒಂದೇ ಥರ. ಕೆಮ್ಮಿನ ಕಷಾಯದ ಹೂವಿಗೆ ಬುಡದ ಬಟ್ಟಲು ಪೂರ್ತಿ ಹಸಿರು. ವಿಷದ ಹೂವಿನ ಬಟ್ಟಲಿಗೆ ಮಾತ್ರ ಸೂಜಿಮೊನೆಯಷ್ಟು ಕಪ್ಪು ತುದಿಗಳು. ಅದರ ಕಷಾಯ ದಿನಾ ಕುಡಿದರೆ ಲಿವರ್ ಸದ್ದಿಲ್ಲದೆ ಹಾಳಾಗುತ್ತದೆ.

ಮೂವತ್ತು ವರ್ಷ ಅವಳು ಮೂಲಿಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಹೂ ಆರಿಸಿದಳು. ಈಚೆಗಂತೂ ನೋಡುತ್ತಲೇ ಇರಲಿಲ್ಲ, ಹೆಬ್ಬೆರಳಿನಿಂದ ಬುಡ ಸವರಿ ಬೇರ್ಪಡಿಸುತ್ತಿದ್ದಳು. ಅಲ್ಲೇ ಪೊಟ್ಟಣ ಕಟ್ಟುವ ನಾನು ಅದನ್ನು ಕೈಚಳಕವೆಂದು ಬಾಯಿ ಬಿಟ್ಟು ನೋಡುತ್ತಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಮಂಗಳವಾರ ಹೊಸ ರಾಶಿಯ ಮೊದಲ ಪೊಟ್ಟಣ ಕಟ್ಟುವಾಗ ಒಂದು ಹೂ ತಿರುಗಿಸಿದೆ. ಕಪ್ಪು ತುದಿ. ಇನ್ನೊಂದರಲ್ಲೂ ಅದೇ. ದೊಡ್ಡಮ್ಮನ ಕೈಗಿಟ್ಟೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೂ ಅವಳಿಗೆ ಕಾಣಲಿಲ್ಲ.

"ಎರಡು ವರ್ಷದಿಂದ ಕಣ್ಣು ಮಂಜು ಕಣೇ. ಹೇಳಿದ್ರೆ ಮೇಜು ಬಿಡಿಸ್ತಾರೆ ಅಂತ ಸುಮ್ನಿದ್ದೆ."

ಬೆರಳಿಗೆ ನುಣುಪು ತಿಳಿಯುತ್ತದೆ, ತರಿ ತಿಳಿಯುತ್ತದೆ. ಕಪ್ಪು ತಿಳಿಯುವುದಿಲ್ಲ.

ಆ ರಾಶಿ ಇನ್ನೂ ಮಾರಾಟಕ್ಕೆ ಹೋಗಿರಲಿಲ್ಲ. ಮಾಲೀಕರಿಗೆ ಹೇಳಿ ಎಲ್ಲವನ್ನೂ ಪಕ್ಕಕ್ಕೆ ಇಡಿಸಿದೆ. ಆದರೆ ಮೂರು ವಾರದ ಹಿಂದೆ, ರಾಶಿ ಬಂದ ದಿನವೇ, ಅದರಿಂದ ಆರಿಸಿ ಒಂದು ಡಬ್ಬಿ ತುಂಬಿಸಿ ದೊಡ್ಡಮ್ಮ ತನ್ನ ಮಗಳಿಗೆ, ಅಂದರೆ ನನ್ನ ಅಕ್ಕನಿಗೆ, ಕೊಟ್ಟಿದ್ದಳು. ಅವಳಿಗೆ ಏಳು ತಿಂಗಳ ಬಸಿರು, ಜೊತೆಗೆ ಬಿಡದ ಕೆಮ್ಮು. ಕಷಾಯ ಮುಟ್ಟಬೇಡ, ಬಂದು ಹೇಳ್ತೀವಿ ಎಂದಷ್ಟೇ ಫೋನಿನಲ್ಲಿ ಹೇಳಿದೆ. ಇಬ್ಬರೂ ಸಿಕ್ಕ ಬಸ್ಸು ಹತ್ತಿದೆವು.

ಅಕ್ಕನ ಅಡುಗೆಮನೆಯಲ್ಲಿ ಡಬ್ಬಿಯನ್ನು ಬಿಳಿ ತಟ್ಟೆಗೆ ಸುರಿದು ಒಂದೊಂದೇ ಹೂ ತಿರುಗಿಸಿದೆ. ದೊಡ್ಡಮ್ಮ ನನ್ನ ತೋಳು ಬಿಡಲೇ ಇಲ್ಲ. ಹಸಿರು, ಮತ್ತೆ ಹಸಿರು. ಕೊನೆಯದೂ ಹಸಿರು. ಸದ್ಯ, ಬದುಕಿದೆವು ಎಂದೆ.

ದೊಡ್ಡಮ್ಮ ತಟ್ಟೆಯಲ್ಲಿದ್ದ ಹೂಗಳನ್ನು ಬೊಗಸೆಯಲ್ಲಿ ಎತ್ತಿ ಮತ್ತೆ ಡಬ್ಬಿಗೆ ಹಾಕಿದಳು. ಎಷ್ಟು ತುಂಬಿತೆಂದು ಬೆರಳಿಟ್ಟು ನೋಡಿದಳು. ತುಂಬಿಸಿ ಕೊಟ್ಟಿದ್ದ ಡಬ್ಬಿ ಅರ್ಧಕ್ಕೂ ಬರಲಿಲ್ಲ.

ಅಕ್ಕನಿಗೆ ಆಗ ಅರ್ಥವಾಯಿತು. ಅವಳ ಎರಡೂ ಕೈಗಳು ಹೊಟ್ಟೆಯ ಮೇಲಿದ್ದವು.

"ದಿನಾ ಎರಡು ಲೋಟ ಕುಡಿದ್ನಮ್ಮಾ. ನೀನು ಆರಿಸಿದ್ದಲ್ವಾ ಅಂತ ಒಂದನ್ನೂ ತಿರುಗಿಸಿ ನೋಡ್ಲಿಲ್ಲ."