ಉಸಿರು ಎಣಿಸುತ್ತಿದ್ದ ಸಿಸ್ಟರ್

ಹಾಡು ಶುರುವಾದ ಕೂಡಲೇ ಅವರ ಬಲಗೈಯ ಎರಡು ಬೆರಳುಗಳು ಎಡಗೈಯ ಮಣಿಕಟ್ಟಿನ ಮೇಲೆ ಹೋಗಿ ಕೂರುತ್ತಿದ್ದವು. ಸ್ಪಿರಿಟ್ಟು, ಬಿಸಿನೀರು, ಫಿನಾಯಿಲು ತಾಗಿ ತಾಗಿ ತುದಿ ಬಿಳುಚಿಕೊಂಡ ಬೆರಳುಗಳು. ಮೂವತ್ತು ವರ್ಷಕ್ಕೂ ಮೇಲೆ ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದ ನರ್ಸು. ನಿವೃತ್ತಿಯಾದ ಮೇಲೂ ಮಸ್ಕಿಯ ನಮ್ಮ ಓಣಿಗೆಲ್ಲ ಅವರು ಸಿಸ್ಟರೇ. ತಮ್ಮ ನಾಡಿ ತಾವೇ ಹಿಡಿದುಕೊಂಡು ಹಾಡು ಕೇಳುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಎಡಗೈಯೋ ಬಲಗೈಯೋ ಎಂದು ಈಗ ಯಾರಾದರೂ ಪಟ್ಟು ಹಿಡಿದು ಕೇಳಿದರೆ ಆಣೆ ಮಾಡಿ ಹೇಳಲಾರೆ.

ನಾನು ಇತಿಹಾಸ ಓದಿದವನು. ಲಿಂಗಸುಗೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಯಾರು ಏನೇ ಹೇಳಿದರೂ ಅದಕ್ಕೆ ಆಧಾರವೇನು ಎಂದು ಕೇಳುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತು. ಸಿಸ್ಟರ್ ಬಗ್ಗೆ ಬರೆಯಲು ಕೂತಾಗ ಅದೇ ಪ್ರಶ್ನೆ ನನ್ನ ಕುತ್ತಿಗೆಗೆ ಬಂದಿದೆ. ಇರುವ ಸಾಕ್ಷಿ ನನ್ನ ನೆನಪು. ಅದರ ಮೇಲೆ ನನಗೆ ನಂಬಿಕೆ ಹೋಗಿದೆ.

ನಾನು ಅವರ ಎದುರು ಮನೆಗೆ ಬಾಡಿಗೆಗೆ ಬಂದ ಹೊಸದು. ಒಂದು ಭಾನುವಾರ ಮಧ್ಯಾಹ್ನ ಅವರ ಮನೆಯ ಟೇಪ್‌ರೆಕಾರ್ಡರ್ ಓಣಿ ತುಂಬ ಕೇಳುತ್ತಿತ್ತು. ಹೋಗಿ ಬಾಗಿಲಲ್ಲಿ ನಿಂತೆ.

"ಸಿಸ್ಟರ್, ಸ್ವಲ್ಪ ಸಣ್ಣಗ ಹಚ್ಚತೀರೇನ್ರಿ? ಪೇಪರ್ ತಿದ್ದಾಕತ್ತೀನಿ."

"ಕುಂದರು. ಎರಡೂ ಸೈಡ್ ಮುಗೀಲಿ, ಆಮ್ಯಾಲ ಜಗಳಾಡೋಣು."

ಕೂತೆ. ಎ ಸೈಡ್ ಮುಗಿಯಿತು. ಕ್ಯಾಸೆಟ್ಟನ್ನು ಮಗ್ಗುಲು ಬದಲಿಸಿ ಹಾಕಿದರು. ಬಿ ಸೈಡೂ ಮುಗಿಯಿತು. ಈ ನಡುವೆ ಒಳಗಿನಿಂದ ಅವರ ಅಣ್ಣನ ಮಗಳು, ಅಂಗನವಾಡಿಯಲ್ಲಿ ಕೆಲಸ ಮಾಡುವಾಕೆ, ಚಹಾ ತಂದಿಟ್ಟು ತುಟಿಯ ಮೇಲೆ ಬೆರಳಿಟ್ಟು ಹೋದಳು. ಕೊನೆಗೆ ಸಿಸ್ಟರ್ ನನ್ನ ಕಡೆ ತಿರುಗಿದರು.

"ಈಗ ಬಾಯಿ ಬಿಡು. ಹೆಂಗನಿಸ್ತು?"

"ಒಂದು ರೀತಿಲಿ ನೋಡಿದ್ರ ಛಲೋ ಐತ್ರಿ. ಆದ್ರ ಆ ಕಾಲದ ಸಂದರ್ಭದಾಗ..."

"ಲೇ ಯೂನಿವರ್ಸಿಟಿ, ಕೂಸು ಹುಟ್ಟಿದಾಗ ಗಂಡೋ ಹೆಣ್ಣೋ ಅಂತ ಕೇಳಿದ್ರ, ಒಂದು ರೀತಿಲಿ ನೋಡಿದ್ರ ಅಂತೀಯೇನು?"

ಅಂದಿನಿಂದ ನನ್ನ ಹೆಸರು ಅದೇ ಆಯಿತು. ಭಾನುವಾರಗಳೂ ಅಲ್ಲೇ ಕಳೆಯತೊಡಗಿದವು.

ಅವರ ತಗಡಿನ ಟ್ರಂಕಿನಲ್ಲಿ ನಲವತ್ತೊಂದು ಕ್ಯಾಸೆಟ್‌ಗಳಿದ್ದವು. ಹಿಂದೂಸ್ತಾನಿ ಗಾಯನ, ವಚನ, ತತ್ವಪದ, ಖವ್ವಾಲಿ, ಹಳೆಯ ಸಿನಿಮಾ ಹಾಡು. ಯಾವ ಊರಿಗೆ ವರ್ಗವಾದಾಗ ಯಾವುದನ್ನು ಕೊಂಡರೋ ಆ ಕ್ರಮದಲ್ಲಿ ನಂಬರು ಹಾಕಿದ್ದರು. ವಾರಕ್ಕೊಂದು, ಮೊದಲಿನಿಂದ ಕೊನೆಯವರೆಗೆ. ನಡುವೆ ಒಂದು ಹಾಡನ್ನೂ ಮುಂದಕ್ಕೆ ಓಡಿಸುವಂತಿಲ್ಲ.

"ಈ ಹಾಡಿನ ಮುಂದ ಆ ಹಾಡು ಯಾಕ ಇಟ್ಟಾನ ಅನ್ನಾದನ್ನೂ ಕೇಳಬೇಕು. ನೀವು ಮೊಬೈಲಾಗ ಹಾಡು ಕೇಳಾದು, ಹಣ್ಣಿನ ಬಂಡಿ ಮುಂದ ನಿಂತು ಎಲ್ಲಾ ಹಣ್ಣು ಹಿಚುಕಿ ನೋಡಿ ಹೋದಂಗ."

ಕೇಳಿದ ಮೇಲೆ ಅಭಿಪ್ರಾಯ ಹೇಳಲೇಬೇಕು. ಅವರೂ ಹೇಳುತ್ತಿದ್ದರು, ಆಸ್ಪತ್ರೆಯ ಹಳೆಯ ಕೇಸ್ ಪೇಪರಿನ ಹಿಂಬದಿಯಲ್ಲಿ ಬರೆದೂ ಇಡುತ್ತಿದ್ದರು. ದೇಶವೆಲ್ಲ ಕೈಮುಗಿಯುವ ಒಬ್ಬ ಗಾಯಕರ ಬಗ್ಗೆ: "ದನಿ ಬಂಗಾರ. ಆದ್ರ ಉಸಿರು ತಗೊಳ್ಳಾದು ಮಂದಿಗೆ ಗೊತ್ತಾಗಬಾರದು ಅಂತ ಕಳ್ಳತನ ಮಾಡ್ತಾನ. ಉಸಿರಿಗ್ಯಾಕ ನಾಚಬೇಕು?" ಒಂದು ಖವ್ವಾಲಿ ಕ್ಯಾಸೆಟ್ಟಿನ ಬಗ್ಗೆ: "ಎ ಸೈಡಿನಾಗ ಖರೇ ಜ್ವರ. ಬಿ ಸೈಡಿನಾಗ ರಜಾ ಹಾಕಾಕ ಬಂದ ಜ್ವರ." ನಾನು ಪ್ರತಿಭಟಿಸಿದರೆ ಖುಷಿಯಾಗುತ್ತಿದ್ದರು. ಬರಿದೆ ತಲೆಯಾಡಿಸಿದರೆ ಸಿಟ್ಟಾಗುತ್ತಿದ್ದರು.

ಅವರು ಮೊದಲು ಗಮನಿಸುತ್ತಿದ್ದುದು ಹಾಡುವವರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಎಂಬುದನ್ನು. ಕರೆಂಟಿಲ್ಲದ ಮನೆಗಳಲ್ಲಿ ಲಾಟೀನು ಹಿಡಿದು ಹೆರಿಗೆ ಮಾಡಿಸಿದ ಕಿವಿ ಅದು. ತಾಯಿ ಎಷ್ಟು ದಣಿದಿದ್ದಾಳೆ, ಇನ್ನೆಷ್ಟು ಹೊತ್ತಿದೆ ಎನ್ನುವುದು ಉಸಿರಿನಲ್ಲೇ ತಿಳಿಯುತ್ತಿತ್ತಂತೆ. ಹದಿನೇಳನೆಯ ಕ್ಯಾಸೆಟ್ ಅವರಿಗೆ ಎಲ್ಲಕ್ಕಿಂತ ಹೆಚ್ಚು. ಒಬ್ಬಾಕೆ ಹಾಡಿದ ತತ್ವಪದಗಳು. ಬಿ ಸೈಡಿನ ಮೂರನೆಯ ಪದದಲ್ಲಿ, ಕೊನೆಯ ಸಾಲಿಗೆ ಮುಂಚೆ, ಆಕೆ ಒಂದು ದೊಡ್ಡ ಉಸಿರು ಎಳೆದುಕೊಂಡು ಕ್ಷಣ ಹಿಡಿದಿಟ್ಟುಕೊಳ್ಳುತ್ತಾಳೆ.

"ಬ್ಯಾನಿ ತಿನ್ನೋ ಹೆಣ್ಮಗಳು ಕಡೀಕ ತಗೊಳ್ಳೋ ಉಸಿರು ಹಿಂಗಾ ಇರ್ತದ ನೋಡು," ಎಂದಿದ್ದರು. "ಸಾಕಾಗಿರ್ತದ. ಆದ್ರೂ ಇನ್ನೊಂದು ಸಲ ಅಂತ ತಗೋತಾಳ."

ವಚನಗಳ ಕ್ಯಾಸೆಟ್ ಕೇಳಿದ ದಿನ ಕೇಸ್ ಪೇಪರ್ ತೊಡೆಯ ಮೇಲೆ ಇಟ್ಟುಕೊಂಡು ತಲೆ ಎತ್ತಿದರು. ಟೇಪ್‌ರೆಕಾರ್ಡರಿನ ಮೇಲಿನ ಗೂಡಿನಲ್ಲಿ ಅವರ ಮನೆಮಂದಿ ಇಟ್ಟುಕೊಂಡ ಬುದ್ಧನ ಫೋಟೊ ಇತ್ತು. ಅದನ್ನೇ ನೋಡುತ್ತ ಹೇಳಿದರು: ನೌಕರಿಯ ಮೊದಲ ವರ್ಷ ಒಂದು ದೊಡ್ಡ ಮನೆಗೆ ಹೆರಿಗೆಗೆ ಹೋಗಿದ್ದರು. ಕೂಸು ಉಳಿಯಿತು, ತಾಯಿ ಉಳಿದಳು. ಕೈ ತೊಳೆದು ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿದರು. ಒಳಗೆ ರೇಡಿಯೊದಲ್ಲಿ ಈ ಕ್ಯಾಸೆಟ್ಟಿನದೇ ಒಂದು ವಚನ ಬರುತ್ತಿತ್ತು.

"ಹಾಡು ಛಲೋ ಇತ್ತು. ಕೇಳೋ ಮನಿ ಛಲೋ ಇರ್ಲಿಲ್ಲ. ಹಾಡಿಗೆ ಮಾರ್ಕ್ಸ್ ಕಡಿಮಿ ಕೊಡಾಕ ಬರಂಗಿಲ್ಲ." ಹಾಗೆಯೇ ಬರೆದುಕೊಂಡರು.

ಕಳೆದ ವರ್ಷ ಅವರ ಎಡಗಿವಿ ಪೂರಾ ಹೋಯಿತು. ಲಿಂಗಸುಗೂರಿನ ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಬಲಗಿವಿಯೂ ಬೇಗ ಬೇಗ ಇಳಿಯುತ್ತಿದೆ, ಮಷಿನ್ ಹಾಕಿದರೆ ಕೆಲವು ತಿಂಗಳು ನಡೆಯಬಹುದು ಎಂದರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸಿಸ್ಟರ್ ಬೆರಳು ಮಡಚಿದರು.

"ನಲವತ್ತೊಂದು ಅದಾವು. ಎಲ್ಲಾ ಇನ್ನೊಂದು ಸಲ ಕೇಳಿ ಮುಗಸ್ಬೇಕು. ವಾರಕ್ಕೊಂದು ಅಂದ್ರ ಆಗಂಗಿಲ್ಲ. ವಾರಕ್ಕ ಎರಡು ಹಚ್ಚೋಣು."

ಆ ಎಣಿಕೆಯಲ್ಲಿ ಹದಿನಾರು ಮುಗಿಸಿದ್ದೆವು. ಅಷ್ಟರಲ್ಲಿ ಟೇಪ್‌ರೆಕಾರ್ಡರ್ ಟೇಪು ನುಂಗತೊಡಗಿತು. ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಸಾಕಾಯಿತು. ಕೈಕಟ್ಟಿ ಕೂರುವುದು ನನ್ನ ಜಾಯಮಾನವಲ್ಲ. ಕಿವಿಯ ಮಷಿನ್ನಿಗೆ ಮೊಬೈಲಿನಿಂದ ನೇರವಾಗಿ ಹಾಡು ಕಳಿಸಬಹುದು ಎಂದು ಗೊತ್ತಾದದ್ದೇ, ಟ್ರಂಕು ಹೊತ್ತು ಸಿಂಧನೂರಿನ ಬಸ್ಸು ಹತ್ತಿದೆ. ಅಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವ ಒಬ್ಬ ಹಳೆಯ ಕ್ಯಾಸೆಟ್ಟುಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಡುತ್ತಿದ್ದ.

"ಬಾಳ ಗರಗರ ಅಂತಾವ್ರೀ ಸರ. ಕ್ಲೀನ್ ಮಾಡ್ಲ್ಯಾ?"

"ಪೂರಾ ಕ್ಲೀನ್ ಮಾಡ್ರಿ," ಎಂದೆ. ಇದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಪೆನ್‌ಡ್ರೈವ್ ಬಂತು, ಹಾಡೆಲ್ಲ ಮೊಬೈಲಿಗೆ ಹಾಕಿಕೊಂಡೆ. ಟ್ರಂಕನ್ನು ಆಮೇಲೆ ತಂದರಾಯಿತು ಎಂದುಕೊಂಡೆ. ಭಾನುವಾರ ಸಿಸ್ಟರ್ ಮಷಿನ್ ಸಿಕ್ಕಿಸಿಕೊಂಡು ಕೂತರು. ಹದಿನೇಳನೆಯದರ ಸರದಿ. ಗರಗರವಿಲ್ಲ, ದನಿ ತೊಳೆದಿಟ್ಟ ಹಾಗೆ. ನಾನು ಬೀಗುತ್ತಿದ್ದೆ. ಎರಡೂ ಸೈಡು ಮುಗಿದವು. ಅವರು ಬಾಯಿ ಬಿಡು ಎನ್ನಲಿಲ್ಲ.

"ತಮ್ಮಾ, ಆಕೀ ಉಸಿರು ಎಲ್ಲಿ ಹೋತು?"

"ಅಂದ್ರ?"

"ಉಸಿರಾ ಇಲ್ಲಲ್ಲೋ ಇದರಾಗ. ಸತ್ತೋರು ಹಾಡಿದಂಗ ಐತಿ."

ಇಷ್ಟು ಓಡಾಡಿದ್ದಕ್ಕೆ ಇದೇ ಮಾತೇ ಎನ್ನಿಸಿತು. ಅವರಿಗೆ ಕೇಳಲೆಂದು ದನಿ ಏರಿಸಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದೆ: "ಉಸಿರು ಅಲ್ಲೇ ಐತ್ರಿ. ನಿಮ್ಮ ಕಿವಿಗೆ ಬರವಲ್ದು."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಸಿಸ್ಟರ್ ಮಷಿನ್ ತೆಗೆದು, ಹತ್ತಿಯಿಂದ ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಿದರು.

"ಹಂಗಾರ ಮುಗೀತು ಬಿಡು," ಎಂದರು.

ಸಂಜೆ ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಮೂರನೆಯ ಪದ. ಕೊನೆಯ ಸಾಲಿಗೆ ಮುಂಚೆ ಏನೂ ಇರಲಿಲ್ಲ. ಸಾಲಿಗೂ ಸಾಲಿಗೂ ನಡುವೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಶ್ಶಬ್ದ. ಬೇರೆ ಕ್ಯಾಸೆಟ್ಟಿನದು ಹಾಕಿದೆ, ಮತ್ತೊಂದರದು ಹಾಕಿದೆ. ನಲವತ್ತೊಂದನ್ನೂ ಅಷ್ಟಷ್ಟು ಕೇಳಿದೆ, ಒಬ್ಬರೂ ಉಸಿರಾಡುತ್ತಿರಲಿಲ್ಲ. ಗರಗರದ ಜೊತೆ ಅವನ ಯಂತ್ರ ಉಸಿರನ್ನೂ ಹೆಕ್ಕಿ ಎಸೆದಿತ್ತು. ಅವರ ಕಿವಿ ಸರಿಯಾಗಿತ್ತು.

ಮರುದಿನ ಬೆಳಗ್ಗೆಯೇ ಹೋಗಿ ಹೇಳಿದೆ ಎಂದು ನನ್ನ ನೆನಪು. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ತಪ್ಪು ನನ್ನದು, ಕ್ಲೀನ್ ಮಾಡಿಸಿ ಹಾಳು ಮಾಡಿದೆ ಎಂದು ಕಿವಿಯ ಹತ್ತಿರ ಬಾಗಿ ಹೇಳಿದೆ. ಕಡ್ಡಿ ಹಿಡಿದ ಕೈ ನಿಂತಿತು.

"ಅಂದ್ರ ನನ್ನ ಕಿವಿ ಇನ್ನಾ ಐತೇನು?" ಎಂದು ನಕ್ಕರು. ಕಣ್ಣಲ್ಲಿ ನೀರಿತ್ತು. "ಹೋಗು ಹೋಗು, ಜಲ್ದಿ ನನ್ನ ಕ್ಯಾಸೆಟ್ ತಗೊಂಬಾ."

ಸಿಂಧನೂರಿನಲ್ಲಿ ಟ್ರಂಕು ಖಾಲಿಯಿತ್ತು.

"ಫೋನ್ ಮಾಡಿ ಕೇಳಿದ್ನಲ್ರೀ ಸರ, ಹಳೇವು ಏನ್ ಮಾಡ್ಲಿ, ಜಾಗ ಇಲ್ಲ ಅಂತ. ನೀವಾ ನೋಡ್ರಿ ಅಂದ್ರಿ. ಗುಜರಿಗೆ ಹಾಕಿಬಿಟ್ಟೆ."

"ನಾ ಹಂಗ ಅಂದ್ನ್ಯಾ?"

"ಬಸ್ಸಿನ ಸಪ್ಪಳಾ ಬರಾಕತ್ತಿತ್ತು ನೋಡ್ರಿ ನಿಮ್ಮ ಕಡೆ. ಅಂದ್ರಿ."

ಅಂದಿರಬಹುದು. ಗುಜರಿಯವನ ಹತ್ತಿರ ಓಡಿದೆ. ಲೋಡು ಹೋಗಿತ್ತು. ಆಮೇಲಿನ ದಿನಗಳಲ್ಲಿ ಹುಚ್ಚು ಹಿಡಿದವನಂತೆ ತಿರುಗಿದೆ. ಮಸ್ಕಿ ಬಜಾರಿನಲ್ಲಿ, ಲಿಂಗಸುಗೂರಿನಲ್ಲಿ, ಒಂದು ಕಾಲದ ಕ್ಯಾಸೆಟ್ ಅಂಗಡಿಗಳೆಲ್ಲ ಮೊಬೈಲ್ ಅಂಗಡಿಗಳಾಗಿದ್ದವು. ಒಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕ್ಯಾಸೆಟ್ಟಾ? ಯಾವ ಕಾಲದಾಗ ಅದೀರಿ ಸರ?" ಎಂದ. ಕ್ಲಾಸು ತಪ್ಪಿಸಿದೆ. ಕೊನೆಗೆ ಯಾರೋ ಹೇಳಿದರೆಂದು ಗುರುಗುಂಟಾಕ್ಕೆ ಹೋದೆ. ನಿವೃತ್ತ ಬಸ್ ಕಂಡಕ್ಟರೊಬ್ಬರ ಮನೆಯಲ್ಲಿ, ಜೋಳದ ಡಬ್ಬಿಯ ಹಿಂದೆ, ಹತ್ತೋ ಹನ್ನೆರಡೋ ಕ್ಯಾಸೆಟ್. ಅವುಗಳ ನಡುವೆ ಆ ತತ್ವಪದಗಳ ಕ್ಯಾಸೆಟ್ ಇತ್ತು. ಅದೇ ಗಾಯಕಿ, ಅದೇ ಕವರು. "ಮಾರಂಗಿಲ್ಲ, ಕೇಳಿ ತಂದುಕೊಡ್ರಿ," ಎಂದರು ಕಂಡಕ್ಟರು. ಸಿಸ್ಟರ ಟೇಪ್‌ರೆಕಾರ್ಡರಿಗೆ ಲಿಂಗಸುಗೂರಿನ ಮುದಿ ರೇಡಿಯೊ ಮೆಕ್ಯಾನಿಕ್ ಹೊಸ ಬೆಲ್ಟು ಹಾಕಿಕೊಟ್ಟ.

ಭಾನುವಾರದವರೆಗೆ ಕಾಯಲಿಲ್ಲ. ಸಿಸ್ಟರ್ ಮಷಿನ್ ಹಾಕಿಕೊಂಡು, ಸ್ಪೀಕರಿನ ಜಾಲರಿಗೆ ಬಲಗೆನ್ನೆ ಒತ್ತಿ ಕೂತರು. ಎ ಸೈಡ್. ಬಿ ಸೈಡ್. ಮೂರನೆಯ ಪದ ಬಂತು. ಕೊನೆಯ ಸಾಲಿಗೆ ಮುಂಚೆ ಆ ಉಸಿರು ಬಂತು, ಗರಗರದ ನಡುವೆ, ಪಕ್ಕದಲ್ಲೇ ಯಾರೋ ನಿಂತ ಹಾಗೆ.  ಸಿಸ್ಟರ ಮುಖ ನೋಡಿದೆ. ಅವರ ಕಣ್ಣು ತಿರುಗುವ ಟೇಪಿನ ಮೇಲೆಯೇ ಇತ್ತು. ಏನೂ ಬದಲಾಗಲಿಲ್ಲ. ಪದ ಮುಗಿಯಿತು. ಇನ್ನೊಂದು ಪದ ಶುರುವಾಯಿತು.

ಟೇಪು ಕಟಕ್ಕೆಂದು ನಿಂತಾಗ ಕೇಳಿದರು: "ಬಂತೇನು?"

ಹೌದೆಂದು ತಲೆಯಾಡಿಸಿದೆ.

"ಹೆಂಗಿತ್ತು ಬರೆದು ಕೊಡು. ಸುತ್ತುಬಳಸಿ ಬರೀಬ್ಯಾಡ."

ಜೇಬಿನಲ್ಲಿದ್ದ ಹಾಳೆಯಲ್ಲಿ ಬರೆದೆ: 'ಆಕೆಗೆ ಭಯವಾಗಿದೆ. ಆದರೂ ಹಾಡುತ್ತಾಳೆ.' ಓದಿದರು. "ಭಯ ಅಂತ ನನಗ ಒಮ್ಮೆನೂ ಅನಿಸಿಲ್ಲ," ಎಂದರು. "ತಪ್ಪಿರಬಹುದು. ಇರ್ಲಿ, ನಿನ್ನ ಅಭಿಪ್ರಾಯ."

ಹೊರಟಾಗ ಅಂಗನವಾಡಿಯಾಕೆ ಬಾಗಿಲವರೆಗೆ ಬಂದಳು.

"ಸರ, ತಿಂಗಳ ಹಿಂದ ತಂದಿದ್ರ ನಮ್ಮ ಅತ್ತಿ ಕಿವಿಗೆ ಕೇಳಿಸ್ತಿತ್ತು."

"ತಿಂಗಳಿಂದ ಅದಕ್ಕಾಗೇ ತಿರಗಾಕತ್ತೀನಲ್ರೀ ಅಕ್ಕಾರ."

"ತಿರುಗಿದ್ದು ಎಂಟು ದಿನ. ಅದಕಿಂತ ಮೊದಲ ಮೂರು ಐತವಾರ ಅತ್ತಿ ಏನೂ ಹಚ್ಚಲಾರದ ಕುಂತಿದ್ಲು. ತನ್ನ ಕಿವಿ ಸತ್ತೈತಿ ಅಂತ ತಿಳಕೊಂಡು. ನೀವು ಈ ಕಡೆ ಹಾಯಲಿಲ್ಲ."

"ನಾನು ಮರುದಿನಾನ ಬಂದು ಹೇಳೀನಿ."

"ಇಲ್ರೀ ಸರ." ಜಗಳದ ದನಿಯಲ್ಲಿ ಹೇಳಲಿಲ್ಲ. "ನಾ ಮನ್ಯಾಗಾ ಇದ್ದೆ."

ಕಾಲೇಜಿನ ಹಾಜರಿ, ಬಸ್ ಟಿಕೇಟು, ಫೋನು, ಎಲ್ಲ ಹುಡುಕಿದೆ. ಯಾವುದರಲ್ಲೂ ಉತ್ತರವಿಲ್ಲ. ಆ ದಿನಗಳಲ್ಲಿ ಪರೀಕ್ಷೆಯ ಕೆಲಸ ಇತ್ತು ಎಂದು ಸಹೋದ್ಯೋಗಿ ಹೇಳಿದ. ಇದ್ದಿರಬಹುದು. ನಾಚಿಕೆಯಿಂದ ನಾಳೆ ಹೋಗೋಣ, ನಾಡಿದ್ದು ಹೋಗೋಣ ಎಂದು ತಳ್ಳಿರಬಹುದು. ಮೆಂತ್ಯದ ಸೊಪ್ಪು ಖರೆ. ಅದು ಯಾವ ಬೆಳಗಿನ ಮೆಂತ್ಯ? ಸಿಸ್ಟರಿಗೆ ಕಿವಿ ಉಳಿದಿದ್ದ ಕೊನೆಯ ದಿನಗಳು ಅವು. ಗುರುಗುಂಟಾದ ಆ ಕ್ಯಾಸೆಟ್ ಇಪ್ಪತ್ತು ದಿನ ಮೊದಲೇ ಸಿಕ್ಕಿದ್ದರೆ ಆ ಉಸಿರು ಅವರಿಗೆ ಕೇಳುತ್ತಿತ್ತು.

ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಸಿಸ್ಟರ್ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ತಡೆಯಲಾಗದೆ ದೊಡ್ಡ ಅಕ್ಷರಗಳಲ್ಲಿ ಬರೆದು ಅವರ ಮುಂದೆ ಹಿಡಿದೆ: 'ನಿಮ್ಮ ಕಿವಿ ಸರಿ ಇದೆ, ತಪ್ಪು ನನ್ನದು ಎಂದು ಹೇಳಲು ನಾನು ಯಾವಾಗ ಬಂದೆ? ಮರುದಿನವೋ, ಮೂರು ವಾರದ ಮೇಲೋ?'

ಕನ್ನಡಕ ಏರಿಸಿಕೊಂಡು ಓದಿದರು. ಅಂಗನವಾಡಿಯಾಕೆ ಗಂಜಿಯ ಬಟ್ಟಲು ಹಿಡಿದು ಹಿಂದೆ ನಿಂತಿದ್ದಳು. ಅವಳಿಗೂ ಹಾಳೆ ಕಾಣುತ್ತಿತ್ತು.

"ಮರುದಿನಾನ ಬಂದಿದ್ದಿಯಲ್ಲೋ," ಎಂದರು ಸಿಸ್ಟರ್, ಒಂದು ಕ್ಷಣವೂ ಯೋಚಿಸದೆ. "ಮುಂಜಾನೆದ್ದು ಬಂದಿದ್ದಿ. ಮರತ್ಯಾ?"

ಅಂಗನವಾಡಿಯಾಕೆ ಬಟ್ಟಲು ಅಲ್ಲೇ ಇಟ್ಟು ಒಳಗೆ ಹೋದಳು.

ಅದಾಗಿ ಎರಡು ವಾರಕ್ಕೆ ಸಿಸ್ಟರ್ ತೀರಿಕೊಂಡರು. ನಾನು ಕ್ಲಾಸಿನಲ್ಲಿದ್ದೆ.

ಎಷ್ಟೋ ಭಾನುವಾರ ಅವರ ಎದುರು ಕೂತಿದ್ದೇನೆ. ಎಂಥ ದೊಡ್ಡ ಹೆಸರಿಗೂ ಅವರು ರಿಯಾಯಿತಿ ಕೊಟ್ಟದ್ದನ್ನು ಕಂಡಿಲ್ಲ. ಆ 'ಮರುದಿನಾನ' ಎಂಬ ಮಾತಿನಲ್ಲಿ ನನಗೆ ಕೊಟ್ಟರು. ಅದನ್ನು ನಂಬಿ ನೆಮ್ಮದಿಯಾಗಿರಲು ನನಗೆ ಬರುವುದಿಲ್ಲ. ನನಗೆ ಆ ರಿಯಾಯಿತಿ ಬೇಡ, ನಿಜ ಹೇಳಿ ಎಂದು ಇನ್ನೊಮ್ಮೆ ಬರೆದು ತೋರಿಸೋಣವೆಂದರೆ ಓದುವವರು ಇಲ್ಲ.