ತೊಳೆಯದೆ ಕಳಿಸಿ

ಅವ್ವನ ಸೀರೆಗಳನ್ನೆಲ್ಲ ನಾನು ಪಾತ್ರೆ ಮಾರುವವಳಿಗೆ ಕೊಟ್ಟುಬಿಟ್ಟೆ. ಉಪ್ಪಲ್‌ನ ನಮ್ಮ ಓಣಿಯಲ್ಲಿ ವಾರಕ್ಕೊಮ್ಮೆ ತಲೆಯ ಮೇಲೆ ಬುಟ್ಟಿ ಹೊತ್ತು, "ಪಾತ ಬಟ್ಟಲಕು ಸ್ಟೀಲು ಸಾಮಾನ್ಲು" ಎಂದು ತೆಲುಗಿನಲ್ಲಿ ಕೂಗುತ್ತ ಒಬ್ಬ ಹೆಂಗಸು ಬರುತ್ತಿದ್ದಳು. ಹಳೆ ಬಟ್ಟೆ ಕೊಟ್ಟರೆ ಅದಕ್ಕೆ ಬದಲಾಗಿ ಸ್ಟೀಲಿನ ಪಾತ್ರೆ ಕೊಡುವವಳು. ಅವ್ವ ತೀರಿಕೊಂಡು ಆಗ ಹದಿನಾರು ದಿನವಾಗಿತ್ತು. ದಿನಕರ್ಮವೆಲ್ಲ ನಮ್ಮೂರು ಧಾರವಾಡದಲ್ಲೇ ನಡೆದಿತ್ತು. ರಜೆ ಮುಗಿದದ್ದರಿಂದ ನಾನು ಅಕ್ಕನಿಗಿಂತ ಮೊದಲೇ ಹೈದರಾಬಾದಿಗೆ ಮರಳಿದ್ದೆ.

ಕೊನೆಯ ಎಂಟು ತಿಂಗಳು ಅವ್ವ ನನ್ನ ಎರಡು ಕೋಣೆಯ ಬಾಡಿಗೆ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳು. ಹಗಲು ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಗೆ ಬಂದರೆ ಗಂಜಿ, ಗುಳಿಗೆ, ಬೆನ್ನಿಗೆ ಎಣ್ಣೆ. ಧಾರವಾಡದಿಂದ ಬಂದ ದಿನ ಕಪಾಟು ತೆರೆದೆ. ಮಡಿಸಿಟ್ಟ ಸೀರೆಗಳಿಂದ ಆ ಎಣ್ಣೆಯ ವಾಸನೆ, ಆಸ್ಪತ್ರೆಯ ವಾಸನೆ ಒಟ್ಟಿಗೆ ಬಂತು. ಅದೇ ಹೊತ್ತಿಗೆ ಕೆಳಗೆ ಕೂಗು ಕೇಳಿಸಿತು. ತೋಳು ತುಂಬ ಹೊತ್ತುಕೊಂಡು ಮೂರು ಸಲ ಮೆಟ್ಟಿಲು ಇಳಿದು ಹತ್ತಿದೆ. ಅವಳು ಒಂದೊಂದನ್ನೂ ಬಿಸಿಲಿಗೆ ಹಿಡಿದು ತೂತು ಇದೆಯೇ ಎಂದು ನೋಡಿ, ಒಂದು ದೊಡ್ಡ ಡಬ್ಬಿಯನ್ನೂ ಎರಡು ತಾಟನ್ನೂ ಕೊಟ್ಟಳು.

ಅಕ್ಕ ಇದ್ದದ್ದು ನಗರದ ಇನ್ನೊಂದು ತುದಿಯ ಜೀಡಿಮೆಟ್ಲಾದಲ್ಲಿ. ಭಾವನಿಗೆ ಅಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ. ಮುಂದಿನ ರವಿವಾರ ಅಕ್ಕ ಒಂದು ಖಾಲಿ ಚೀಲ ಹಿಡಿದು ಬಂದಳು. ಬಂದವಳೇ ನೆಲದ ಮೇಲೆ ಕೂತು, "ಅವ್ವನ ಸೀರಿ ತಗೀ. ಇಬ್ರೂ ಕೂತು ನೋಡೋಣು," ಅಂದಳು.

"ಕೊಟ್ಟಬಿಟ್ಟೆ ಅಕ್ಕಾ."

"ಯಾರಿಗೆ?"

ಹೇಳಿದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಎಲ್ಲಾನೂ? ಒಂದೂ ಇಡಲಿಲ್ಲೇನ?"

"ನನಗ ನೋಡಾಕ ಆಗಲಿಲ್ಲ."

"ನನಗ ನೋಡೋದಿತ್ತಲ್ಲ! ಉಟ್ಟು ಬಿಟ್ಟದ್ದು, ತೊಳೀಲಾರದ್ದು ಒಂದು ಇದ್ದಿದ್ರ ಸಾಕಾಗಿತ್ತು. ಅವ್ವನ ವಾಸನಿ ಇರ್ತಿತ್ತು." ಅಡುಗೆ ಕಟ್ಟೆಯ ಮೇಲೆ ಹೊಸ ಡಬ್ಬಿ ಹೊಳೆಯುತ್ತಿತ್ತು. ಅದನ್ನು ನೋಡಿದಳು. "ಅವ್ವನ್ನ ಒಂದು ಡಬ್ಬಿಗೆ ಮಾರಿದಿ ನೀ."

ಸುಮ್ಮನಿರಬೇಕಿತ್ತು, ಇರಲಿಲ್ಲ. "ಎಂಟು ತಿಂಗಳದಾಗ ನೀ ಎಷ್ಟು ದಿನ ಬಂದಿ?" ಅಂದೆ. ಪ್ರತಿ ರವಿವಾರ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು, ಒಂದು ರವಿವಾರವೂ ತಪ್ಪಿಸಿರಲಿಲ್ಲ. ಅದು ನನಗೆ ಗೊತ್ತಿದ್ದೇ ಅಂದೆ. ಅಕ್ಕ ಚೀಲವನ್ನು ನಾಲ್ಕು ಮಡಿಕೆ ಮಾಡಿ ಬಗಲಲ್ಲಿಟ್ಟುಕೊಂಡು ಹೊರಟುಹೋದಳು. ಚಹಾ ಕೂಡ ಕುಡಿಯಲಿಲ್ಲ.

ಆಮೇಲೆ ಮೂರು ವರ್ಷ ನಾವು ಮಾತಾಡಲಿಲ್ಲ. ಮೊದಲ ಕೆಲವು ತಿಂಗಳು ಸಿಟ್ಟಿನಿಂದ ಫೋನು ಮಾಡಲಿಲ್ಲ. ಅನಂತರ ಸಿಟ್ಟು ಹೋಯಿತು. ಆದರೆ ಇಷ್ಟು ದಿನ ಬಿಟ್ಟು ಈಗ ಏನೆಂದು ಮಾತು ಶುರು ಮಾಡಲಿ ಎಂಬ ಅಳುಕು ಅದರ ಜಾಗದಲ್ಲಿ ಬಂದು ಕೂತಿತು. ರವಿವಾರಗಳು ಮಾತ್ರ ಬಹಳ ಉದ್ದವಾದವು. ಮೆಟ್ರೋ ಶುರುವಾದ ಮೇಲೆ ಅಮೀರ್‌ಪೇಟೆಯ ಗದ್ದಲದಲ್ಲಿ ಯಾರದಾದರೂ ಗಿಡ್ಡ ಜಡೆ, ಎಡಕ್ಕೆ ವಾಲುವ ನಡಿಗೆ ಕಂಡರೆ ಅಕ್ಕನೇ ಇರಬಹುದೆಂದು ಹಿಂದೆ ಹಿಂದೆ ಹೋಗಿ ಮುಖ ನೋಡಿ ಬಂದದ್ದುಂಟು.

ಆ ವರ್ಷಗಳಲ್ಲಿ ನಮ್ಮ ಆಫೀಸಿನ ಎಲ್ಲರ ಮನೆಯ ಕಪಾಟೂ ಬಟ್ಟೆಯಿಂದ ತುಂಬಿ ತುಳುಕುತ್ತಿತ್ತು. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ ಸಂಬಳ ಏರುತ್ತಿತ್ತು, ಸಂಬಳ ಏರಿದ ತಿಂಗಳು ಬಟ್ಟೆ ಬರುತ್ತಿತ್ತು. ಪಕ್ಕದಲ್ಲಿ ಕೂರುವ ಗೆಳತಿಯೊಬ್ಬಳು ಹಳೆ ಬಟ್ಟೆ ಕೊಂಡು ಮಾರುವ ಆ್ಯಪ್ ಒಂದನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು ಹಾಕುವುದು, ಯಾರಾದರೂ ಕೊಂಡರೆ ಆ್ಯಪ್‌ನವರೇ ಬಂದು ಪಾರ್ಸಲ್ ಒಯ್ಯುವುದು. ಕೊಂಡವರ ಹೆಸರು, ವಿಳಾಸ ಮಾರಿದವರಿಗೆ ಕಾಣುತ್ತಿರಲಿಲ್ಲ. ಇಬ್ಬರ ನಡುವೆ ಏನಿದ್ದರೂ ಅಲ್ಲೇ ನಾಲ್ಕು ಸಾಲಿನ ಇಂಗ್ಲಿಷ್ ಸಂದೇಶ.

ನನ್ನ ಕುರ್ತಾಗಳನ್ನು ಒಂದೊಂದಾಗಿ ಮಾರಿದೆ. ಒಬ್ಬಾಕೆ ಇಪ್ಪತ್ತು ಫೋಟೋ ಕೇಳಿ, ಒಳಹೊಲಿಗೆಯ ಫೋಟೋವನ್ನೂ ತರಿಸಿಕೊಂಡು, ಕೊನೆಗೆ "ಇದೇ ತರಹದ ಹೊಸದು ಎಲ್ಲಿ ಸಿಗುತ್ತದೆ?" ಎಂದು ವಿಚಾರಿಸಿದಳು. ಇನ್ನೊಬ್ಬಳು ರೇಷ್ಮೆ ಕುರ್ತಾ ಕೊಂಡು, ಅಳತೆ ಸರಿಯಿಲ್ಲವೆಂದು ಹಿಂತಿರುಗಿಸಿದಳು. ಕುರ್ತಾದ ಎದೆಯ ಮೇಲೆ ಸಾಂಬಾರಿನ ಹಳದಿ ಕಲೆ ಮೂಡಿತ್ತು. ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಇಂಟರ್‌ವ್ಯೂಗೆಂದು ನನ್ನ ಬಿಳಿ ಶರ್ಟು ಕೊಂಡಳು. ಅದರ ಗುಂಡಿಗಳನ್ನೆಲ್ಲ ಬಿಗಿಯಾಗಿ ಹೊಲಿದು ಕಳಿಸಿದ್ದೆ. ವಾರದ ಮೇಲೆ ಸಂದೇಶ ಬಂತು: ಕೆಲಸ ಸಿಗಲಿಲ್ಲ ಮೇಡಂ, ಆದರೆ ಶರ್ಟು ಚೆನ್ನಾಗಿದೆ, ಅದಕ್ಕೆ ಹೊಂದುವ ಪ್ಯಾಂಟು ಇದೆಯಾ? ಎಲ್ಲರೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಚೆನ್ನಾಗಿ ತೊಳೆದಿದ್ದೀರಾ? ಇನ್ನೊಬ್ಬರ ಮೈಯ ಗುರುತು ಒಂದಿಷ್ಟೂ ಉಳಿದಿರಬಾರದು.

ಒಂದು ದಿನ ಊಟದ ಬಿಡುವಿನಲ್ಲಿ ಆ್ಯಪ್ ನೋಡುತ್ತ ಕೂತಿದ್ದೆ. ಶಾಯಿ ಬಣ್ಣದ ಹತ್ತಿ ಸೀರೆಯೊಂದು ಬಂತು. ಸೆರಗಿನ ಮೇಲೆ ಕಸೂತಿ, ಸಾಲಾಗಿ ಬಿಳಿ ಆನೆಗಳು. ಬೆರಳಿನಿಂದ ಫೋಟೋ ದೊಡ್ಡದು ಮಾಡಿದೆ. ಕೊನೆಯ ಆನೆಗೆ ಬಾಲವಿರಲಿಲ್ಲ.

ಆ ಕಸೂತಿ ಹಾಕಿದವಳು ನಾನು. ಅಕ್ಕನ ಮದುವೆಗೆ ಎರಡೇ ದಿನ ಉಳಿದಾಗ ದಾರ ಮುಗಿದಿತ್ತು. ಧಾರವಾಡದ ಪೇಟೆಯಲ್ಲೆಲ್ಲ ಹುಡುಕಿದರೂ ಅದೇ ಬಿಳುಪಿನ ದಾರ ಸಿಕ್ಕಿರಲಿಲ್ಲ. ಬಾಲವಿಲ್ಲದ ಆನೆಯ ಸೀರೆಯನ್ನೇ ಉಟ್ಟು ಅಕ್ಕ ಗಂಡನ ಮನೆಗೆ ಹೋಗಿದ್ದಳು.

ಮಾರುವವರ ಜಾಗದಲ್ಲಿ ದಾಸವಾಳದ ಚಿತ್ರ, ಎರಡು ಇಂಗ್ಲಿಷ್ ಅಕ್ಷರ, ಜೀಡಿಮೆಟ್ಲಾ ಎಂದಿತ್ತು. ಊಟದ ಡಬ್ಬಿ ಮುಚ್ಚಿಟ್ಟೆ. ಇದನ್ನೂ ಮಾರುವಷ್ಟು ದೂರ ಹೋದಳೇ ಎಂದು ಸಂಕಟವಾಯಿತು. ಯಾರಾದರೂ ಕೊಂಡುಬಿಟ್ಟರೆ ಎಂಬ ಭಯ ಅದಕ್ಕಿಂತ ಹೆಚ್ಚಾಯಿತು. ಕೂಡಲೇ ಕೊಂಡೆ. ನನ್ನ ಖಾತೆಯಲ್ಲೂ ನನ್ನ ಹೆಸರಿರಲಿಲ್ಲ. ಒಂದು ಸಂದೇಶ ಬರೆದೆ: ದಯವಿಟ್ಟು ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಹೇಗಿದೆಯೋ ಹಾಗೇ ಕಳಿಸಿ. ಅರ್ಧ ಗಂಟೆಯ ಮೇಲೆ "ಓಕೆ" ಎಂದು ಉತ್ತರ ಬಂತು.

ಪಾರ್ಸಲ್ ಆಫೀಸಿಗೇ ಬಂತು. ಖಾಲಿಯಿದ್ದ ಮೀಟಿಂಗ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿಚ್ಚಿದೆ. ಸೀರೆಯನ್ನು ಸೆರಗು ಒಳಗೆ ಬರುವಂತೆ ಮಡಿಸಿದ್ದಳು. ಅವ್ವ ಮಡಿಸುತ್ತಿದ್ದದ್ದು ಹಾಗೆ. ಬೇವಿನ ಎಲೆ, ಕೊಬ್ಬರಿ ಎಣ್ಣೆ, ಅಕ್ಕನ ಅಡುಗೆಮನೆಯ ಇಂಗಿನ ಒಗ್ಗರಣೆ ಎಲ್ಲದರ ವಾಸನೆ ಅದರಲ್ಲಿತ್ತು. ಮುಖ ಮುಚ್ಚಿಕೊಂಡು ಎಷ್ಟೋ ಹೊತ್ತು ಹಾಗೇ ಕೂತೆ. ಯಾರೋ ಬಾಗಿಲು ಬಡಿದರು. ಅವರ ಮೀಟಿಂಗಿಗೆ ಹೊತ್ತಾಗಿತ್ತು.

ಅಲ್ಲಿಂದ ದಿನಾ ದಾಸವಾಳದ ಚಿತ್ರ ತೆರೆದು ನೋಡುವುದು ಅಭ್ಯಾಸವಾಯಿತು. ಹತ್ತು ದಿನಕ್ಕೊಂದು ಬಟ್ಟೆ ಬರುತ್ತಿತ್ತು. ಹಳದಿ ಕುರ್ತಾ ಬಂತು, ಕೊಂಡೆ. ಹಸಿರು ಓಢಣಿ, ಕೊಂಡೆ. ಚೌಕಡಿಯ ಸೀರೆ, ಅದನ್ನೂ ಕೊಂಡೆ. ಪ್ರತಿ ಸಲವೂ ತೊಳೆಯಬೇಡಿ ಎಂದು ಬರೆಯುತ್ತಿದ್ದೆ, ಪ್ರತಿ ಸಲವೂ "ಓಕೆ" ಎಂದು ಬರುತ್ತಿತ್ತು. ಆ ಓಕೆಯನ್ನು ನೋಡುವುದಕ್ಕೇ ಕೊಳ್ಳುತ್ತಿದ್ದೆನೋ ಏನೋ. ಮೂರು ವರ್ಷದಲ್ಲಿ ಅಕ್ಕ ನನಗೆ ಆಡಿದ ಮಾತು ಅದೊಂದೇ.

ಐದನೆಯದು ನೇರಳೆ ಕುರ್ತಾ. ಹಣ ಕಟ್ಟಿ, ಎಂದಿನ ಸಂದೇಶ ಕಳಿಸಿದೆ. ಈ ಸಲ ಓಕೆ ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದ ಕನ್ನಡ ಬಂತು.

"ಇದು ನಿನಗ ಭುಜದಾಗ ಸಡಿಲ ಆಗತೈತಿ. ಎರಡೂ ಕಡೆ ಒಂದೊಂದು ಹೊಲಿಗಿ ಒಳಗ ಹಾಕಿಸ್ಕೋ."

ನನ್ನ ಅಳತೆಯನ್ನು ನಾನು ಎಂದೂ ಹೇಳಿರಲಿಲ್ಲ. ಕನ್ನಡದವಳೆಂದೂ ಹೇಳಿರಲಿಲ್ಲ. ಎರಡು ದಿನ ಉತ್ತರ ಕೊಡಲು ಧೈರ್ಯ ಸಾಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆಫೀಸ್ ಬಸ್ಸಿನಲ್ಲಿ ಕೂತು "ಅಕ್ಕಾ" ಎಂದಷ್ಟೇ ಬರೆದು ಕಳಿಸಿದೆ. ಬಸ್ಸು ಇನ್ನೊಂದು ಸಿಗ್ನಲ್ ದಾಟುವುದರೊಳಗೆ ಫೋನು ಬಂತು.

ಅವಳ ಮನೆಯ ಕುಕ್ಕರ್ ಸೀಟಿ ಹೊಡೆಯುವುದು ಕೇಳಿಸಿತು.

"ಯಾವಾಗ ಗೊತ್ತಾತು?" ಎಂದು ನಾನೇ ಕೇಳಿದೆ.

"ಮೊದಲನೇದಕ್ಕ ಸಂಶೆ ಬಂತು, ಎರಡನೇದಕ್ಕ ಖಾತ್ರಿ ಆತು. ತೊಳೀಬ್ಯಾಡ್ರಿ ಅಂತ ಯಾವ ಗಿರಾಕಿ ಕೇಳ್ತಾಳ, ಹೇಳು?"

"ಮತ್ಯಾಕ ಸುಮ್ಮನಿದ್ದಿ?"

"ಅಂದಬಿಟ್ರ ನೀ ಕೊಳ್ಳೋದು ಬಿಡ್ತಿದ್ದಿ." ಮೂಗು ಎಳೆದುಕೊಂಡದ್ದು ಕೇಳಿಸಿತು. "ಆಮ್ಯಾಲಿನ ಮೂರು ಮಾರೋ ಅರಿವಿ ಅಲ್ಲ. ನಿನ್ನ ಸಲುವಾಗೇ ಹಾಕಿದ್ದೆ. ನಿನಗಿಂತ ಮೊದಲ ಯಾರರ ಕೊಂಡಬಿಟ್ರ ಹೆಂಗ ಅಂತ ದಿನಾ ಜೀವ ಹೊಡಕೋತಿತ್ತು."

"ಆನಿ ಸೀರಿ?"

"ಅದನ್ನ ಖರೇನ ಮಾರಬೇಕಂತ ಹಾಕಿದ್ದೆ. ಕಪಾಟು ತಗದಾಗೊಮ್ಮೆ ನೀ ಕಾಣ್ತಿದ್ದಿ." ಆಮೇಲೆ ಅಂದಳು, "ರವಿವಾರ ಬಾ. ಮೂರು ವಾರಕ್ಕ ನಾವು ಊರು ಬಿಡಾಕತ್ತೀವಿ."

ಭಾವನಿಗೆ ಹಿಮಾಚಲದ ಬದ್ದಿಯಲ್ಲಿರುವ ಕಾರ್ಖಾನೆಗೆ ವರ್ಗವಾಗಿತ್ತು.

ರವಿವಾರ ಉಪ್ಪಲ್‌ನಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಬಾಲಾನಗರದಲ್ಲಿ ಇಳಿದು ಆಟೋ ಹಿಡಿದೆ. ಕಾರ್ಖಾನೆಗಳ ಕಹಿ ಗಾಳಿ ಮೂಗಿಗೆ ಬಡಿಯಿತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬೈತಲೆಯ ಎರಡೂ ಕಡೆ ಕೂದಲು ಬೆಳ್ಳಗಾಗಿತ್ತು. ನನ್ನ ಭುಜ ಹಿಡಿದು, "ಸೊರಗಿ ಕಡ್ಡಿ ಆಗೀದಿ," ಅಂದಳು. ಒಳಗೆ ರಟ್ಟಿನ ಪೆಟ್ಟಿಗೆಗಳು ಕಟ್ಟಿ ಕೂತಿದ್ದವು. ಊಟಕ್ಕೆ ಬಡಿಸಿದಳು. ರೊಟ್ಟಿ ಮುರಿಯುತ್ತ ನಾನು ಮೂರು ವರ್ಷದಿಂದ ಹೇಳಬೇಕೆಂದಿದ್ದದ್ದನ್ನು ಹೇಳಿದೆ.

"ಆ ಸೀರಿಯೊಳಗ ನನಗ ಅವ್ವ ಕಾಣ್ತಿರಲಿಲ್ಲ ಅಕ್ಕಾ. ಬರೇ ಬ್ಯಾನಿ ಕಾಣ್ತಿತ್ತು. ತಪ್ಪಾತು."

ಅಕ್ಕ ನನ್ನ ತಾಟಿಗೆ ಪಲ್ಯ ಹಾಕಿದಳು. "ನೀ ದಿನಾ ನೋಡಿದಾಕಿ. ನಾ ವಾರಕ್ಕೊಮ್ಮೆ ಬಂದಾಕಿ. ನನಗ ಅವ್ವ ಇನ್ನಾ ಉಳದಿದ್ಲು. ಅದು ನನಗ ಅವತ್ತ ತಿಳೀಲಿಲ್ಲ."

ಊಟವಾದ ಮೇಲೆ ಇನ್ನೊಂದು ವಿಷಯ ಹೇಳಿದಳು. ನಮ್ಮ ಜಗಳವಾದ ವರ್ಷವಿಡೀ ಅವಳು ಎರ್ರಗಡ್ಡದ ರವಿವಾರದ ಸಂತೆಗೆ ಹೋಗಿ, ಹಳೆ ಬಟ್ಟೆಯ ರಾಶಿಗಳಲ್ಲಿ ಅವ್ವನ ಸೀರೆ ಹುಡುಕಿದ್ದಳಂತೆ. ಪಾತ್ರೆಯವರು ಕೊಂಡ ಸೀರೆ ಅಲ್ಲಿಗೆ ಬರುತ್ತವೆಂದು ಯಾರೋ ಹೇಳಿದ್ದರು. ಸಿಗಲಿಲ್ಲ. ಈಗ ಹಳೆ ಸೀರೆ ಫೋನಿನಲ್ಲೂ ಮಾರುತ್ತಾರೆಂದು ಇನ್ನೊಬ್ಬರು ಹೇಳಿದ ಮೇಲೆ ಆ್ಯಪ್ ಹಾಕಿಸಿಕೊಂಡಿದ್ದಳು. ಮೊದಲು ಹುಡುಕುವುದಕ್ಕೇ ಬಂದವಳು, ಮಾರಲು ಶುರು ಮಾಡಿದ್ದು ಆಮೇಲೆ.

"ಯಾವ ಸೀರಿ ಹುಡುಕ್ತಿದ್ದಿ?"

"ಕೆಂಪು ಇಲಕಲ್ಲು. ಅಗಲ ದಡಿದು. ಸಂಜೀಕ ಮಾರಿ ತೊಳಕೊಂಡು ಉಡ್ತಿದ್ಲಲ್ಲ, ಅದು."

ಆ ಮಧ್ಯಾಹ್ನ ಇಬ್ಬರೂ ಚಾಪೆಯ ಮೇಲೆ ಗೋಡೆಗೆ ಒರಗಿ, ಒಂದೇ ಫೋನಿಗೆ ತಲೆ ಹಚ್ಚಿ ಕೂತೆವು. ಯಾರ ಯಾರದೋ ಅವ್ವಂದಿರ ಸೀರೆಗಳು ಒಂದಾದ ಮೇಲೊಂದು ಬಂದವು. "ಇದರ ದಡಿ ಸಣ್ಣದಾತು," ಅಂದಳು ಅಕ್ಕ. "ಇದರ ಸೆರಗು ಬ್ಯಾರೆ," ಅಂದೆ ನಾನು. ಒಂದು ಕೆಂಪು ಸೀರೆ ಬಂದಾಗ ಇಬ್ಬರೂ ಒಟ್ಟಿಗೇ ಬೆರಳು ಚಾಚಿದೆವು. ಒಡಲಲ್ಲಿ ಚಿಕ್ಕೆ ಇದ್ದವು, ಅವ್ವನದು ಸಾದಾ. ಸಂಜೆಯ ತನಕ ನೋಡಿದೆವು. ನಮಗೆ ಬೇಕಾದದ್ದು ಬರಲಿಲ್ಲ.

ಉಳಿದ ಎರಡು ರವಿವಾರವೂ ಹೋದೆ. ಪೆಟ್ಟಿಗೆ ಕಟ್ಟಿದೆ, ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿದೆ. ಹೊರಡುವ ದಿನ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಭಾವ ಸಾಮಾನು ಎಣಿಸುತ್ತಿದ್ದಾಗ ಅಕ್ಕ ಕಿಟಕಿಯಿಂದ ನನ್ನ ಬೆರಳು ಹಿಡಿದುಕೊಂಡಿದ್ದಳು. "ಒಂದ ಊರಾಗಿದ್ದು ಮೂರು ವರ್ಸ ಕಳಕೊಂಡ್ವಿ ನೋಡು," ಅಂದಳು. ಗಾಡಿ ಹೊರಟಿತು.

ಆ ಚಳಿಗಾಲ ಬದ್ದಿಯಿಂದ ಫೋನು ಬಂತು. ಅಲ್ಲಿನ ಸಂತೆಯಲ್ಲಿ ಯಾರೋ ತೊಟ್ಟು ಬಿಟ್ಟ ಉಣ್ಣೆಯ ಸ್ವೆಟರ್ ಕೊಂಡಿದ್ದಳಂತೆ. "ಕೊರಳಪಟ್ಟಿಗೆ ಹಿಂದಿ ಅಕ್ಷರದಾಗ ಯಾವಾಕಿದೋ ಹೆಸರು ಹೊಲದಾರ. ಕಿತ್ತಬಿಡೋಣಂತ ಕತ್ತರಿ ತಗೊಂಡೆ. ಮನಸಾಗಲಿಲ್ಲ," ಅಂದಳು. ಬೇಸಿಗೆಗೆ ಬರುತ್ತೇನೆ ಅಂದಿದ್ದಳು. ಭಾವನಿಗೆ ರಜೆ ಸಿಗಲಿಲ್ಲ. ಅನಂತರ ಒಮ್ಮೆ ನಾನೇ ಹೋಗಿ ನಾಲ್ಕು ದಿನ ಇದ್ದು ಬಂದೆ.

ಈಗ ವಾರಕ್ಕೆರಡು ಸಲ ಮಾತಾಡುತ್ತೇವೆ. ಆದರೂ ರವಿವಾರ ಬೆಳಿಗ್ಗೆ ಎದ್ದಾಗ, ತಲೆಗೆ ಎರೆದುಕೊಂಡು ಜೀಡಿಮೆಟ್ಲಾಕ್ಕೆ ಹೋಗಿ ಬರೋಣ ಅನಿಸುತ್ತದೆ. ಕೆಲವು ಸಲ ಕೂದಲು ಒಣಗಿಸುವ ತನಕವೂ ಅಲ್ಲಿ ಈಗ ಯಾರೂ ಇಲ್ಲವೆಂಬುದು ನೆನಪಾಗುವುದಿಲ್ಲ.